ಬಡಾವಣೆ ಸುರಕ್ಷತಾ ಯೋಜನೆ: ಭಾನುವಾರದೊಳಗೆ ಮಾಹಿತಿ ಕೊಡಿ

ಎಲ್ಲರಿಗೂ ನಮಸ್ಕಾರ. ಬೀಟ್ ಪೊಲೀಸರ ಜೊತೆಗಿನ ಸಭೆಗೆ ಮುಂಚೆ ಬಡಾವಣೆಯಲ್ಲಿ ಓಡಾಡಲು ಭಯವಾಗುವ ಜಾಗಗಳ ಪಟ್ಟಿ ಸಿದ್ಧವಿರಬೇಕು. "ಲೈಟ್ ಇಲ್ಲ, ಪುಂಡರ ಕಾಟ" ಎಂದಷ್ಟೇ ಬರೆದರೆ ಯಾರಿಗೂ ಉಪಯೋಗವಿಲ್ಲ. ಜಾಗ, ವಾರ, ಹೊತ್ತು ಮೂರೂ ಬೇಕು: "4ನೇ ಅಡ್ಡರಸ್ತೆ, ಹಾಲಿನ ಬೂತ್ ಪಕ್ಕದ ಖಾಲಿ ಸೈಟು, ಶನಿವಾರ ರಾತ್ರಿ 9ರ ಮೇಲೆ" ಹೀಗೆ. ದೀಪ ಕೆಟ್ಟಿದ್ದರೆ ಕಂಬದ ನಂಬರ್ ಕಾಣುವಂತೆ ಫೋಟೊ ಹಾಕಿ. ಕೊಂಬೆ ಅಡ್ಡ ಬಂದಿದ್ದರೆ ಬೇರೆ ಬರೆಯಿರಿ, ಬಲ್ಬ್ ಬದಲಿಸಿದರೆ ಅದು ಸರಿಹೋಗಲ್ಲ.

ಶನಿವಾರ ರಾತ್ರಿ 7.30ಕ್ಕೆ ನಡಿಗೆ. ತಂಡಕ್ಕೆ ಐದು ಜನ, ಅದರಲ್ಲಿ ಇಬ್ಬರಾದರೂ ಹೆಂಗಸರು. ಟಾರ್ಚ್ ಹಚ್ಚಬೇಡಿ, ಹತ್ತು ಹೆಜ್ಜೆ ಆಚೆ ನಿಂತವರ ಮುಖ ಕಾಣದ ಕಡೆ ನಕ್ಷೆಯಲ್ಲಿ ಗುರುತು ಹಾಕಿ. ಮನೆಗೆಲಸದವರು, ಹೂ ಮಾರುವವರು, ಪಿಜಿ ಹುಡುಗಿಯರು ನಮ್ಮ ಈ ಮೆಸೇಜ್ ಗುಂಪಿನಲ್ಲಿಲ್ಲ. ಕತ್ತಲಲ್ಲಿ ಓಡಾಡುವವರು ಅವರೇ. ಎದುರಿಗೇ ಹೋಗಿ ಕೇಳಿ.

ಕ್ಯಾಮೆರಾ ಮಾತು ಕೊನೆಗೆ. 2017ರ ರಾಜ್ಯ ಕಾಯ್ದೆ ಪ್ರಕಾರ ಒಮ್ಮೆಗೆ 100 ಜನ ಸೇರುವ ಕಡೆ ಕ್ಯಾಮೆರಾ ಹಾಕಿ 30 ದಿನದ ದೃಶ್ಯ ಇಟ್ಟಿರಲೇಬೇಕು, ಹಾಗಾಗಿ ಈಗಾಗಲೇ ಇರುವ ಕ್ಯಾಮೆರಾಗಳನ್ನು ಮೊದಲು ಎಣಿಸೋಣ. ತೀರಾ ಎತ್ತರಕ್ಕೆ ಕಟ್ಟಿದರೆ ನೆತ್ತಿ ಮಾತ್ರ ಕಾಣುತ್ತದೆ.

ಅನುಮಾನದ ಮೇಲೆ ಯಾರ ಫೋಟೊ, ಗಾಡಿ ನಂಬರ್ ಇಲ್ಲಿ ಹಾಕಬೇಡಿ. ತುರ್ತಿದ್ದರೆ ಟೈಪ್ ಮಾಡುತ್ತ ಕೂರದೆ 112ಕ್ಕೆ ಕರೆ ಮಾಡಿ.