ಶಾನನ್‌ಗೆ ಬರುವ ವಿಮಾನಗಳ ತಪಾಸಣೆ ಆಗಲಿ

ಮಾನ್ಯ ಸಂಪಾದಕರೇ,

ಐರ್ಲೆಂಡಿನ ಶಾಂತಿಪರ ಹೋರಾಟವೆಂದರೆ ಸೇನೆಯನ್ನು ಹಳಿಯುವುದು ಎಂಬ ಮಾತು ಮರಾಠಾ ಲಘು ಪದಾತಿದಳದ ಕೇಂದ್ರವಿರುವ ನಮ್ಮ ಬೆಳಗಾವಿಯಲ್ಲೂ ಕೇಳಿಬರುತ್ತದೆ. ಅದು ತಪ್ಪು. 1958ರಿಂದಲೂ ಐರಿಷ್ ಸೈನಿಕರು ವಿಶ್ವಸಂಸ್ಥೆಯ ಶಾಂತಿಪಾಲನೆಯಲ್ಲಿದ್ದಾರೆ; ಅದಕ್ಕೆ ಹೋರಾಟಗಾರರ ತಕರಾರಿಲ್ಲ.

ತಕರಾರು ಇರುವುದು, ಯಾವ ಸೇನಾ ಕೂಟಕ್ಕೂ ಸೇರದ ತಟಸ್ಥ ಐರ್ಲೆಂಡಿನ ಶಾನನ್ ವಿಮಾನ ನಿಲ್ದಾಣದ ಬಗ್ಗೆ. ಇರಾಕ್ ಯುದ್ಧಕ್ಕೆ ಹೊರಟ ಅಮೆರಿಕದ ಸೈನಿಕರು ಅಲ್ಲಿಂದಲೇ ಹಾದುಹೋದರು. ಐರ್ಲೆಂಡಿನ 1952ರ ಆದೇಶದಂತೆ ವಿದೇಶಿ ಸೇನಾ ವಿಮಾನ ಇಳಿಯಲು ವಿದೇಶಾಂಗ ಸಚಿವರ ಅನುಮತಿ ಬೇಕು. ಅದರಲ್ಲಿ ಆಯುಧ, ಮದ್ದುಗುಂಡು ಇರಕೂಡದೆಂಬುದು ಷರತ್ತು. ಬಾಡಿಗೆಯ ನಾಗರಿಕ ವಿಮಾನದಲ್ಲಿ ಶಸ್ತ್ರ ಒಯ್ಯುವುದಾದರೆ 1973ರ ಆದೇಶದಡಿ ಸಾರಿಗೆ ಸಚಿವರ ವಿನಾಯಿತಿ ಪಡೆಯಬೇಕು. ಕಾಗದದ ಮೇಲೆ ಎಲ್ಲ ಸರಿ. ಎಡವುವುದು ತಪಾಸಣೆಯಲ್ಲಿ: ಅಮೆರಿಕ ಕೊಟ್ಟ ಭರವಸೆಯನ್ನೇ ನಂಬಿ ಸೇನಾ ವಿಮಾನದ ಒಳಹೊಕ್ಕು ನೋಡುವುದಿಲ್ಲ. ನೋಡದ ಷರತ್ತಿಗೆ ಏನು ಬೆಲೆ?

ಇನ್ನೊಂದು ಆತಂಕ 'ಮೂರು ಬೀಗ'ದ್ದು. ಹನ್ನೆರಡಕ್ಕಿಂತ ಹೆಚ್ಚು ಸೈನಿಕರನ್ನು ಹೊರದೇಶದ ಕಾರ್ಯಾಚರಣೆಗೆ ಕಳಿಸಲು ವಿಶ್ವಸಂಸ್ಥೆ, ಸರ್ಕಾರ, ಸಂಸತ್ತು ಮೂರೂ ಒಪ್ಪಬೇಕು. 2025ರಲ್ಲಿ ಅಲ್ಲಿನ ಸರ್ಕಾರ ವಿಶ್ವಸಂಸ್ಥೆಯ ಬೀಗವನ್ನು ತೆಗೆಯುವ ಮಸೂದೆಯ ಕರಡಿಗೆ ಒಪ್ಪಿಗೆ ಕೊಟ್ಟಿದೆ.

ಇದು ನಮಗೆ ದೂರದ ಸಂಗತಿಯಲ್ಲ. ತಮ್ಮ ನಾಡಿನಲ್ಲಿ ಬ್ರಿಟಿಷರ ದಬ್ಬಾಳಿಕೆ ಖಂಡಿಸಿ 1920ರಲ್ಲಿ ಜಲಂಧರ, ಸೋಲನ್‌ಗಳಲ್ಲಿ ಬ್ರಿಟಿಷ್ ಸೇನೆಯಲ್ಲಿದ್ದ ಐರಿಷ್ ಸಿಪಾಯಿಗಳು ಬಂದೂಕು ಕೆಳಗಿಟ್ಟರು. ಅವರ ಮುಂದಾಳುಗಳಲ್ಲೊಬ್ಬನಾದ ಜೇಮ್ಸ್ ಡಾಲಿಯನ್ನು ಸೋಲನ್ ಬಳಿಯ ದಗ್‌ಶಾಯಿಯಲ್ಲಿ ಗುಂಡಿಟ್ಟು ಕೊಂದರು. ನಮ್ಮ ಪಠ್ಯಗಳಲ್ಲಿ ಅವನಿಗೊಂದು ಪುಟ ಸಿಗಲಿ.

— ಕೆಲವು ಓದುಗರು, ಟಿಳಕವಾಡಿ, ಬೆಳಗಾವಿ