ಟ್ಯಾಕ್ಸಿ ಓಡಿಸುವುದಕ್ಕೆ ಮೂರು ವರ್ಷದ ಓದೇಕೆ ಎಂದು ಕೇಳಿದ ಅಪ್ಪನಿಗೆ

ಲಂಡನ್,
ಭಾನುವಾರ ರಾತ್ರಿ

ತೀರ್ಥರೂಪ ಅಪ್ಪನವರಿಗೆ,

ಸಾಷ್ಟಾಂಗ ನಮಸ್ಕಾರಗಳು. ನಾನು ಇಲ್ಲಿ ಕ್ಷೇಮವಾಗಿದ್ದೇನೆ. ನೀವೂ ಅಮ್ಮನೂ ಕ್ಷೇಮವೆಂದು ನಂಬಿದ್ದೇನೆ.

ಹೋದ ವಾರ ಫೋನಿನಲ್ಲಿ ನೀವು ಕೇಳಿದ ಪ್ರಶ್ನೆಗೆ ನಾನು ನಕ್ಕು ಮಾತು ತೇಲಿಸಿಬಿಟ್ಟೆ. “ಹದಿನೆಂಟು ವರ್ಷದಿಂದ ಕಾರು ಓಡಿಸುತ್ತಿರುವವನಿಗೆ ಟ್ಯಾಕ್ಸಿ ಓಡಿಸುವುದಕ್ಕೆ ಮೂರು ವರ್ಷದ ಓದು ಏಕಪ್ಪಾ, ಅದೇನು ಡಾಕ್ಟರಿಕೆಯೇ?” ಎಂದಿರಿ. ನಿಮ್ಮ ಧ್ವನಿಯಲ್ಲಿ ತಮಾಷೆಗಿಂತ ಆತಂಕವೇ ಹೆಚ್ಚಿತ್ತೆಂಬುದು ಆಮೇಲೆ ಹೊಳೆಯಿತು. ಕೆಲಸ ಹೋದದ್ದನ್ನು ಆರು ತಿಂಗಳು ಮುಚ್ಚಿಟ್ಟವನು ಈಗಲೂ ಏನನ್ನೋ ಮುಚ್ಚಿಡುತ್ತಿದ್ದಾನೆಂದು ನಿಮಗೆ ಅನ್ನಿಸಿದ್ದರೆ ಅದು ನಿಮ್ಮ ತಪ್ಪಲ್ಲ. ಆದ್ದರಿಂದ ಈ ಸಲ ಮೊದಲಿನಿಂದ ಬರೆಯುತ್ತೇನೆ.

ಕೆಲಸ ಕಳೆದುಕೊಂಡವರು ಇಲ್ಲಿ ಯೂನಿವರ್ಸಲ್ ಕ್ರೆಡಿಟ್ ಎಂಬ ಸರ್ಕಾರಿ ಭತ್ಯೆಗೆ ಅರ್ಜಿ ಹಾಕುತ್ತಾರೆ. ಇಲ್ಲಿ ನೆಲೆಸುವ ಹಕ್ಕು ದೊರೆತಿದ್ದರಿಂದ ನನಗೂ ಅದು ಸಿಕ್ಕಿತು. ಆದರೆ ಅದು ಸುಮ್ಮನೆ ಕೈಗೆ ಬರುವ ಹಣವಲ್ಲ. ಜಾಬ್‌ಸೆಂಟರ್ ಎಂಬ ಸರ್ಕಾರಿ ಉದ್ಯೋಗ ಕಚೇರಿಯ ಅಧಿಕಾರಿಯ ಎದುರು ಕುಳಿತು ಒಂದು ಕರಾರಿಗೆ ಒಪ್ಪಬೇಕು, ವಾರಕ್ಕೆ 35 ಗಂಟೆಗಳವರೆಗೂ ಕೆಲಸ ಹುಡುಕಬೇಕು, ಹುಡುಕಿದ್ದಕ್ಕೆ ಲೆಕ್ಕವನ್ನೂ ಒಪ್ಪಿಸಬೇಕು. ನಾಲ್ಕನೆಯ ಭೇಟಿಯಲ್ಲಿ ಆ ಅಧಿಕಾರಿ ನನ್ನ ಕಡತದಿಂದ ತಲೆಯೆತ್ತದೆಯೇ, “ಡ್ರೈವಿಂಗ್ ಲೈಸೆನ್ಸ್ ಇದೆ, ಅಪರಾಧದ ದಾಖಲೆ ಇಲ್ಲ, ಟ್ಯಾಕ್ಸಿ ತರಬೇತಿಗೆ ಹೋಗುತ್ತೀರಾ?” ಎಂದು ಕೇಳಿದರು. ನನ್ನಲ್ಲಿ ಇರುವುದೇನು, ಇಲ್ಲದಿರುವುದೇನು ಎಂಬುದನ್ನು ಅಷ್ಟು ಚುಟುಕಾಗಿ ಅದುವರೆಗೆ ಯಾರೂ ಹೇಳಿರಲಿಲ್ಲ. ಹೂಂ ಎಂದೆ.

ತರಗತಿಯಲ್ಲಿ ನಾವು ಹದಿನಾಲ್ಕು ಜನರಿದ್ದೆವು. ಮುಚ್ಚಿಹೋದ ಅಂಗಡಿಯ ಮ್ಯಾನೇಜರ್, ಬೆನ್ನುನೋವಿನಿಂದ ಗಾರೆಕೆಲಸ ಬಿಟ್ಟವನು, ಮಕ್ಕಳು ದೊಡ್ಡವರಾದ ಮೇಲೆ ಮತ್ತೆ ದುಡಿಯಹೊರಟ ಇಬ್ಬರು ಹೆಂಗಸರು, ಸೊಮಾಲಿಯಾ ಮೂಲದ ಒಬ್ಬ ಅಡುಗೆಯವನು. ಈ ಕೊನೆಯವನ ವಿಷಯ ಮುಂದೆ ಬರೆಯುತ್ತೇನೆ. ಅಲ್ಲಿ ಕಲಿಸಿದ್ದು ಮಿನಿಕ್ಯಾಬ್ ಓಡಿಸುವುದಕ್ಕೆ ಬೇಕಾದದ್ದನ್ನು, ಅಂದರೆ ಮೊದಲೇ ಬುಕ್ ಮಾಡಿದವರನ್ನು ಮಾತ್ರ ಹತ್ತಿಸಿಕೊಳ್ಳಬಹುದಾದ ಬಾಡಿಗೆ ಕಾರಿಗೆ ಬೇಕಾದದ್ದನ್ನು. ಅದಕ್ಕೆ 21 ವರ್ಷ ತುಂಬಿರಬೇಕು, ವೈದ್ಯರ ತಪಾಸಣೆ ಆಗಬೇಕು, ಪೊಲೀಸ್ ದಾಖಲೆಯ ಪರಿಶೀಲನೆ ಆಗಬೇಕು, ಇಂಗ್ಲಿಷ್ ಬರುತ್ತದೆಂದು ತೋರಿಸಬೇಕು, ಭೂಪಟ ಓದಬಲ್ಲೆನೆಂಬ ಒಂದು ಪರೀಕ್ಷೆ, ಪ್ರಯಾಣಿಕರ ಸುರಕ್ಷತೆ ಮತ್ತು ಸಮಾನತೆಯ ನಿಯಮಗಳ ಬಗ್ಗೆ ಇನ್ನೊಂದು ಪರೀಕ್ಷೆ ಬರೆಯಬೇಕು. ಶ್ರದ್ಧೆಯಿಂದ ಕುಳಿತರೆ ಕೆಲವೇ ತಿಂಗಳ ಕೆಲಸ. ಭೂಪಟ ಹಿಡಿಯುವುದೇ ಗೊತ್ತಿಲ್ಲದವರಿಗೂ ಅಲ್ಲಿ ತಾಳ್ಮೆಯಿಂದ ಕಲಿಸಿದರು. ಅದನ್ನು ನಾನು ಮರೆಯುವುದಿಲ್ಲ. ಒಂದೇ ಒಂದು ಲೆಕ್ಕವನ್ನು ಮಾತ್ರ ಅವರು ಕಲಿಸಲಿಲ್ಲ. ವಾರಕ್ಕೆ ಇಷ್ಟು ಸಂಪಾದನೆ ಎಂದು ಬೋರ್ಡಿನ ಮೇಲೆ ಬರೆದ ಮೊತ್ತದಿಂದ ಕಾರಿನ ಬಾಡಿಗೆ, ವಿಮೆ, ಇಂಧನ, ಆ್ಯಪ್ ಕಂಪನಿಯವರ ಪಾಲು ಇವೆಲ್ಲ ಕಳೆದರೆ ಉಳಿಯುವುದೆಷ್ಟು ಎಂದು ಗಾರೆಕೆಲಸದವನು ಕೇಳಿದಾಗ, ಅದು ಅವರವರ ದುಡಿಮೆಯ ಮೇಲೆ ನಿಂತದ್ದು ಎಂಬ ಉತ್ತರ ಬಂತು.

ತರಬೇತಿ ಮುಗಿಯುವ ಮುನ್ನ ಒಂದು ದಿನ, ಕಪ್ಪು ಟ್ಯಾಕ್ಸಿಯ, ಅಂದರೆ ಬೀದಿಯಲ್ಲಿ ಕೈಯೆತ್ತಿದರೆ ನಿಲ್ಲುವ ಇಲ್ಲಿನ ಹಳೆಯ ಬಗೆಯ ಟ್ಯಾಕ್ಸಿಯ, ನಿವೃತ್ತಿಗೆ ಹತ್ತಿರವಾಗಿದ್ದ ಒಬ್ಬ ಚಾಲಕನನ್ನು ಕರೆಸಿದ್ದರು. ಗಾಲಿಕುರ್ಚಿಯಲ್ಲಿ ಬರುವ ಪ್ರಯಾಣಿಕರನ್ನು ಹತ್ತಿಸಿಕೊಳ್ಳುವುದು ಹೇಗೆಂದು ತೋರಿಸುವುದು ಆತನ ಕೆಲಸ. ಬಾಗಿಲಿನ ಕೆಳಗಿನಿಂದ ಇಳಿಜಾರು ಹಲಗೆ ಎಳೆದು ಪಾದಚಾರಿ ಮಾರ್ಗದ ಅಂಚಿಗೆ ಕೂರಿಸಿದ; ಆಮೇಲೆ ನಮ್ಮನ್ನೇ ಒಬ್ಬೊಬ್ಬರಾಗಿ ಕುರ್ಚಿಯಲ್ಲಿ ಕುಳ್ಳಿರಿಸಿ, ಇನ್ನೊಬ್ಬರಿಂದ ತಳ್ಳಿಸಿದ. ನನ್ನ ಸರದಿಯಲ್ಲಿ, ತಳ್ಳುವವನು ಒಂದು ಮಾತೂ ಆಡದೆ ಕುರ್ಚಿಯನ್ನು ಹಿಂದಕ್ಕೆ ವಾಲಿಸಿದಾಗ ನನ್ನ ಎದೆ ಧಸಕ್ಕೆಂದಿತು, ಎರಡೂ ಕೈಗಳು ಗಾಳಿಯಲ್ಲಿ ಆಸರೆ ಹುಡುಕಿದವು. ಆ ಹಿರಿಯ ಏನೂ ಬೈಯಲಿಲ್ಲ. “ಈಗ ಇಳಿದು ಅವನನ್ನು ಕೂರಿಸು, ಆದರೆ ಮುಟ್ಟುವ ಮುಂಚೆ ಕೇಳು, ವಾಲಿಸುವ ಮುಂಚೆ ಹೇಳು” ಎಂದ, ಅಷ್ಟೇ. ಪುಸ್ತಕದಲ್ಲಿ ಓದಿ ಪರೀಕ್ಷೆಯಲ್ಲಿ ಗೀಟು ಹಾಕಿದ್ದ ಅದೇ ನಿಯಮ ಆ ಕ್ಷಣದಲ್ಲಿ ಮೈಗೆ ಹತ್ತಿತು.

ಊಟದ ಬಿಡುವಿನಲ್ಲಿ ಯಾರೋ ಆತನನ್ನು ಕೆಣಕಲೆಂದು, ಮೇನರ್ ಹೌಸ್ ಸ್ಟೇಷನ್ನಿನಿಂದ ಗಿಬ್ಸನ್ ಸ್ಕ್ವೇರ್‌ಗೆ ಹೇಗೆ ಹೋಗುತ್ತೀರಿ ಎಂದು ಕೇಳಿದರು. ಆತ ಲೋಟ ಕೆಳಗಿಡಲಿಲ್ಲ. ಎಡಕ್ಕೆ ಗ್ರೀನ್ ಲೇನ್ಸ್ ಎಂದು ಶುರುಮಾಡಿ, ಹೈಬರಿ ಗ್ರೋವ್, ಸೇಂಟ್ ಪಾಲ್ಸ್ ರೋಡ್, ಅಪ್ಪರ್ ಸ್ಟ್ರೀಟ್ ಎಂದು ಉಸಿರು ಕಟ್ಟದೆ, ನಾವು ಮಗ್ಗಿ ಒಪ್ಪಿಸುತ್ತಿದ್ದ ಧಾಟಿಯಲ್ಲೇ, ಒಂದೊಂದು ತಿರುವನ್ನೂ ಹೇಳಿ ಮುಗಿಸಿದ. ಅದು ಕಪ್ಪು ಟ್ಯಾಕ್ಸಿಯ ಪರವಾನಗಿಗೆ ಓದುವ ಎಲ್ಲರೂ ಕಲಿಯುವ ಮೊಟ್ಟಮೊದಲ ಪಾಠವೆಂದು ನನಗೆ ಆಮೇಲೆ ತಿಳಿಯಿತು. ಅಂದಿನ ಮಟ್ಟಿಗೆ ನಾನು ಬೆರಗಾಗಿ ನಿಂತಿದ್ದೆ.

ಆ ವಿದ್ಯೆಗೆ ಇಲ್ಲಿ ‘ನಾಲೆಡ್ಜ್’ ಎಂದಷ್ಟೇ ಹೆಸರು. 1865ರಿಂದ ಈ ಪರೀಕ್ಷೆ ನಡೆದುಬಂದಿದೆ, ಅಂದರೆ ಕುದುರೆಗಾಡಿಗಳ ಕಾಲದಿಂದ. ಲಂಡನ್ನಿನ ನಡುಮಧ್ಯದ ಚೇರಿಂಗ್ ಕ್ರಾಸ್ ಸುತ್ತಲಿನ ಆರು ಮೈಲಿ ವ್ಯಾಪ್ತಿಯ ಸುಮಾರು 25,000 ಬೀದಿಗಳು, ಅವುಗಳಲ್ಲಿನ ಆಸ್ಪತ್ರೆ, ಹೋಟೆಲು, ನಾಟಕಶಾಲೆ, ನ್ಯಾಯಾಲಯ, ಪ್ರತಿಮೆಗಳು ಕರತಲಾಮಲಕವಾಗಬೇಕು. ‘ಬ್ಲೂ ಬುಕ್’ ಎಂಬ ಪುಸ್ತಕದಲ್ಲಿ 320 ಮಾರ್ಗಗಳಿವೆ. ಒಂದೊಂದು ಮಾರ್ಗದ ಎರಡು ತುದಿಗಳಲ್ಲೂ ಕಾಲು ಮೈಲಿ ವ್ಯಾಪ್ತಿಯಲ್ಲಿ ಏನೇನಿದೆ ಎಂಬುದನ್ನು ಸ್ಕೂಟರಿನಲ್ಲಿ ಸುತ್ತಿ, ಹ್ಯಾಂಡಲ್ಲಿಗೆ ಭೂಪಟ ಕಟ್ಟಿಕೊಂಡು, ಕಣ್ಣಾರೆ ನೋಡಿ ಬರಬೇಕು. ಮನೆಗೆ ಬಂದು ಗೋಡೆಯ ಭೂಪಟದ ಮೇಲೆ ಎರಡು ಗುರುತುಗಳ ನಡುವೆ ನೂಲು ಹಿಡಿದು, ನಾವು ಹೇಳುವ ದಾರಿ ಆ ನೂಲಿಗೆ ಎಷ್ಟು ಹತ್ತಿರವಿದೆ ಎಂದು ನೋಡಿಕೊಳ್ಳುತ್ತೇವೆ. ಇಷ್ಟಾದ ಮೇಲೂ ಬೀದಿಗಳು ಕಲಿತಂತೆಯೇ ಇರುವುದಿಲ್ಲ. ಆ ಮೊದಲ ಪಾಠದ ದಾರಿಯಲ್ಲೇ ಸಿಗುವ ಹೈಬರಿ ಕಾರ್ನರ್‌ನಲ್ಲಿ ಹಿಂದೆ ವಾಹನಗಳು ಸುತ್ತು ಹಾಕುತ್ತಿದ್ದ ವೃತ್ತವನ್ನು 2019ರಲ್ಲಿ ಒಂದು ಪಕ್ಕ ಮುಚ್ಚಿ ಬದಲಾಯಿಸಿದರು. ಹಳಬರೆಲ್ಲ ನಾಲಿಗೆಯನ್ನು ತಿದ್ದಿಕೊಳ್ಳಬೇಕಾಯಿತು.

ಫೋನಿನಲ್ಲೇ ಭೂಪಟವಿರುವಾಗ ಇದೆಲ್ಲ ಏಕೆಂದು ನೀವು ಕೇಳುವುದಕ್ಕೆ ಮುಂಚೆ ನಾನೇ ಕೇಳಿಕೊಂಡಿದ್ದೇನೆ. ಬೀದಿಯಲ್ಲಿ ಕೈಯೆತ್ತಿದವರನ್ನು ಹತ್ತಿಸಿಕೊಳ್ಳುವ ಹಕ್ಕಿರುವುದು ಈ ಪರೀಕ್ಷೆ ದಾಟಿದ ಕಪ್ಪು ಟ್ಯಾಕ್ಸಿಯವರಿಗೆ ಮಾತ್ರ. ಹತ್ತಿದವರು ಸ್ಥಳದ ಹೆಸರು ಹೇಳಿ ಮುಗಿಸುವಷ್ಟರಲ್ಲಿ ಗಾಡಿ ಹೊರಟಿರಬೇಕು, ಮುಂದೆ ರಸ್ತೆ ಮುಚ್ಚಿದ್ದರೆ ಇನ್ನೊಂದು ದಾರಿ ತಲೆಯಲ್ಲಿ ಸಿದ್ಧವಿರಬೇಕು ಎಂಬುದು ಅವರ ವಾದ. ಅದರಲ್ಲಿ ಅರ್ಧ ನಿಜ, ಅರ್ಧ ಹಠ ಎಂದು ನನಗನ್ನಿಸುತ್ತದೆ. 2012ರಲ್ಲಿ ಊಬರ್ ಈ ನಗರಕ್ಕೆ ಬಂದ ಮೇಲೆ ಆ ಹಠದ ಬೆಲೆ ಕುಗ್ಗಿದೆ. ಆದರೂ ಆ ಹಠದಿಂದಲೇ ಈ ಕೆಲಸಕ್ಕೆ ಒಂದು ಮರ್ಯಾದೆ ಉಳಿದಿದೆ, ಮತ್ತು ನಿರುದ್ಯೋಗದಲ್ಲಿ ಕಳೆದುಹೋಗಿದ್ದ ನನಗೆ ಬೇಕಾಗಿದ್ದದ್ದು ಹಣದಷ್ಟೇ ಅದೂ ಹೌದು.

ಡಾಕ್ಟರಿಕೆಯೇ ಎಂದಿರಲ್ಲ, ಡಾಕ್ಟರರೇ ನಮ್ಮಂಥವರ ತಲೆಯೊಳಗೆ ಇಣುಕಿ ನೋಡಿದ್ದಾರೆ. ಎಲೀನರ್ ಮ್ಯಾಗ್ವಯರ್ ಎಂಬ ವಿಜ್ಞಾನಿ ಇಲ್ಲಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಟ್ಯಾಕ್ಸಿ ಚಾಲಕರ ಮಿದುಳನ್ನು ಪರೀಕ್ಷಿಸಿ, ದಾರಿಗಳ ನೆನಪಿಗೆ ಸಂಬಂಧಿಸಿದ ಹಿಪೊಕ್ಯಾಂಪಸ್ ಎಂಬ ಮಿದುಳಿನ ಭಾಗದ ಹಿಂಬದಿ ಅವರಲ್ಲಿ ದೊಡ್ಡದಾಗಿದೆಯೆಂದು 2000ದಲ್ಲಿ ಪ್ರಕಟಿಸಿದರು. ಅದು ಹುಟ್ಟಿನಿಂದ ಬಂದದ್ದೋ ಕಲಿಕೆಯಿಂದ ಬಂದದ್ದೋ ಎಂದು ತಿಳಿಯಲು, ಕಲಿಯಲು ಹೊರಟ 79 ಮಂದಿಯನ್ನು ವರ್ಷಗಟ್ಟಲೆ ಹಿಂಬಾಲಿಸಿದರು. ತೇರ್ಗಡೆಯಾದ 39 ಮಂದಿಯಲ್ಲಿ ಮಾತ್ರ ಆ ಬದಲಾವಣೆ ಕಂಡಿತೆಂದು 2011ರಲ್ಲಿ ವರದಿಯಾಯಿತು. ಎಲ್ಲರೂ ಆ 39 ಮಂದಿಯ ಮಾತನ್ನೇ ಆಡುತ್ತಾರೆ. ನನ್ನ ಯೋಚನೆಯೆಲ್ಲ ಉಳಿದ 40 ಮಂದಿಯ ಮೇಲೆ. ಅವರಿಗೆ ನೆನಪಿನ ಶಕ್ತಿ ಕಡಿಮೆಯಿತ್ತೋ, ಅಥವಾ ಮನೆಬಾಡಿಗೆಯ ತಾರೀಕು ಎದುರಿಗಿತ್ತೋ?

ಏಕೆಂದರೆ, ಅಪ್ಪ, ನಾನು ಕಂಡಿರುವ ಮಟ್ಟಿಗೆ ನಿರುದ್ಯೋಗಿಯನ್ನು ಟ್ಯಾಕ್ಸಿ ಚಾಲಕನನ್ನಾಗಿ ಮಾಡಲು ಎಲ್ಲಕ್ಕಿಂತ ಹೆಚ್ಚು ಬೇಕಾದದ್ದು ಸಮಯ, ಮತ್ತು ಅವನಲ್ಲಿ ಇಲ್ಲದಿರುವುದೂ ಅದೇ. ನೋಡುವವರಿಗೆ ಅವನ ದಿನವೆಲ್ಲ ಖಾಲಿ. ಆದರೆ ಭತ್ಯೆ ಕೊಡುವವರು ಅವನು ಬೇಗ ಸಂಬಳಕ್ಕೆ ಸೇರಲಿ ಎಂದು ಬಯಸುತ್ತಾರೆ. ಮೂರು ನಾಲ್ಕು ವರ್ಷ ಬೀದಿಗಳನ್ನು ಉರುಹೊಡೆಯುತ್ತೇನೆಂದರೆ ಅದು ಅವರ ಕೋಷ್ಟಕದಲ್ಲಿ ಎಲ್ಲೂ ಕೂರುವುದಿಲ್ಲ. ಹಾಗಾಗಿ ನಿರುದ್ಯೋಗಿಗೆ ಸಿಗುವುದು ಮಿನಿಕ್ಯಾಬಿನ ಗಿಡ್ಡ ದಾರಿ, ಅದರ ಕೊನೆಯಲ್ಲಿ ಬಾಡಿಗೆಗೆ ತಂದ ಕಾರು. ಉದ್ದದ ದಾರಿಯನ್ನು ಹಿಡಿಯುವವನು ಮಾತ್ರ ಬೇರೆ ಎಲ್ಲಿಂದಲಾದರೂ ಅನ್ನ ಹುಟ್ಟಿಸಿಕೊಳ್ಳಬೇಕು. ನಾನು ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಒಂದು ಗೋದಾಮಿನಲ್ಲಿ ಕೆಲಸಕ್ಕಿದ್ದೇನೆ. ಆರು ಗಂಟೆ ಮಲಗಿ, ಮಧ್ಯಾಹ್ನ ಸ್ಕೂಟರು ಹತ್ತುತ್ತೇನೆ. ಇದನ್ನೇ ನಾನು ಇದುವರೆಗೆ ನಿಮಗೆ ಹೇಳಿರಲಿಲ್ಲ.

ಆ ಅಡುಗೆಯವನೂ ನಾನೂ ಒಟ್ಟಿಗೆ ಈ ಉದ್ದದ ದಾರಿಗೆ ಇಳಿದಿದ್ದೆವು. ಒಬ್ಬನೇ ಕುಳಿತು ಓದುವ ವಿದ್ಯೆಯಲ್ಲ ಇದು. ಒಬ್ಬ ದಾರಿಯನ್ನು ಗಟ್ಟಿಯಾಗಿ ಒಪ್ಪಿಸಬೇಕು, ಇನ್ನೊಬ್ಬ ಪುಸ್ತಕ ಹಿಡಿದು ತಪ್ಪು ಹಿಡಿಯಬೇಕು. ಇದಕ್ಕೆ ‘ಕಾಲಿಂಗ್ ಓವರ್’ ಎನ್ನುತ್ತಾರೆ. ಎರಡು ವರ್ಷ ವಾರಕ್ಕೆ ಮೂರು ಸಂಜೆ ಅವನ ಅಡುಗೆಮನೆಯಲ್ಲಿ ಹಾಗೆ ಕುಳಿತಿದ್ದೇವೆ. ನನಗಿಂತ ಚುರುಕು ಅವನು; ಒಂದು ಸಲ ನೋಡಿದ ಬೀದಿ ಅವನಿಗೆ ಮರೆಯುತ್ತಿರಲಿಲ್ಲ. ಮೂರನೆಯ ಮಗು ಹುಟ್ಟಿದ ಮೇಲೆ ಕಳೆದ ತಿಂಗಳು ಪುಸ್ತಕ ಮುಚ್ಚಿ, ಮಿನಿಕ್ಯಾಬಿಗೆ ಹೋದ. ಗೋಡೆಯ ಭೂಪಟವನ್ನು ಸುರುಳಿ ಸುತ್ತಿ ನನಗೆ ಕೊಟ್ಟುಬಿಟ್ಟ.

ನಾನು ಬರವಣಿಗೆಯ ಪರೀಕ್ಷೆ ದಾಟಿ ಮೌಖಿಕ ಪರೀಕ್ಷೆಗಳ ಘಟ್ಟದಲ್ಲಿದ್ದೇನೆ. ಮೊದಲು 56 ದಿನಗಳಿಗೊಮ್ಮೆ, ಆಮೇಲೆ 28, ಕೊನೆಗೆ 21 ದಿನಗಳಿಗೊಮ್ಮೆ ಎಂಬುದು ಇದರ ಹೆಜ್ಜೆ; ನಾನೀಗ 28ರಲ್ಲಿದ್ದೇನೆ. ಸೂಟು, ಟೈ ಹಾಕಿಕೊಂಡು ಪರೀಕ್ಷಕರ ಎದುರು ಬೆನ್ನು ನೆಟ್ಟಗಿಟ್ಟು ಕೂರಬೇಕು. ಅವರು ಎರಡು ಸ್ಥಳಗಳ ಹೆಸರು ಹೇಳುತ್ತಾರೆ. ಎರಡೂ ಯಾವ ಬೀದಿಯಲ್ಲಿವೆ ಎಂದು ಹೇಳಿ, ನಡುವಿನ ದಾರಿಯನ್ನು ಒಂದು ತಿರುವೂ ತಪ್ಪದಂತೆ ಒಪ್ಪಿಸಬೇಕು. ಹೋದ ಸಲ ಏಕಮುಖ ರಸ್ತೆಯೊಂದಕ್ಕೆ ಎದುರಿನಿಂದ ನುಗ್ಗಿಬಿಟ್ಟೆ, ಬಾಯಿಮಾತಿನಲ್ಲಿ. ಪರೀಕ್ಷಕರು ಪೆನ್ನು ಎತ್ತಿ, ಒಂದು ಕ್ಷಣ ಕಾದರು. ನಾನು ತಿದ್ದಿಕೊಳ್ಳಲಿಲ್ಲ, ಪೆನ್ನು ಇಳಿಯಿತು.

ಪಾಸಾದ ಮೇಲಿನ ಕಷ್ಟವನ್ನೂ ಮುಚ್ಚಿಡುವುದಿಲ್ಲ. 2018ರ ಜನವರಿಯಿಂದ ಹೊಸದಾಗಿ ಪರವಾನಗಿ ಪಡೆಯುವ ಟ್ಯಾಕ್ಸಿಗಳು ಹೊಗೆಯುಗುಳದೆ ಓಡಬಲ್ಲವಾಗಿರಬೇಕು, ಅಂಥ ಹೊಸ ಗಾಡಿಯ ಬೆಲೆ ಅರವತ್ತು ಸಾವಿರ ಪೌಂಡಿಗೂ ಮೇಲೆ. ಕೊಳ್ಳುವ ಮಾತಿಲ್ಲ, ಮೊದಮೊದಲು ವಾರದ ಬಾಡಿಗೆಗೆ ತರುತ್ತೇನೆ.

ಹಣ ಕಳಿಸಲೇ ಎಂದು ಅಮ್ಮ ಕೇಳಿದಳು. ಬೇಡ. ಅದಕ್ಕೆ ಬದಲು ಒಂದು ಉಪಕಾರ ಮಾಡಬೇಕು. ಈ ಪತ್ರದ ಜೊತೆ ಇಪ್ಪತ್ತು ಮಾರ್ಗಗಳನ್ನು, ಬೀದಿಯ ಹೆಸರುಗಳನ್ನೆಲ್ಲ ಕನ್ನಡ ಅಕ್ಷರದಲ್ಲೇ, ದೊಡ್ಡದಾಗಿ ಬರೆದು ಇಟ್ಟಿದ್ದೇನೆ. ಮುಂದಿನ ಭಾನುವಾರ ಫೋನು ಮಾಡಿದಾಗ ಆ ಹಾಳೆಯನ್ನು ಎದುರಿಗೆ ಇಟ್ಟುಕೊಳ್ಳಿ. ನಾನು ಒಪ್ಪಿಸುತ್ತಾ ಹೋಗುತ್ತೇನೆ, ನೀವು ಒಂದೊಂದು ಹೆಸರಿನ ಮೇಲೂ ಬೆರಳಿಟ್ಟು ಬನ್ನಿ. ಎಲ್ಲಾದರೂ ಒಂದು ಬೀದಿ ಬಿಟ್ಟುಹೋದರೆ ತಡೆದು ನಿಲ್ಲಿಸಿ, ಆದರೆ ಹೆಸರು ಮಾತ್ರ ಹೇಳಿಕೊಡಬೇಡಿ.

ಇಂತಿ ನಿಮ್ಮ ಪ್ರೀತಿಯ ಮಗ