ಹುಳುಕಡ್ಡಿಗೆ ಹಚ್ಚುವ ಮುಲಾಮಿನ ಬಗ್ಗೆ: ಪೋಷಕರಿಗೆ ಪತ್ರ

ಪೋಷಕರೆಲ್ಲರಿಗೂ ನಮಸ್ಕಾರ.

ಮಳೆ ಹಿಡಿದ ಮೇಲೆ ನಮ್ಮ ಕೆಲವು ಮಕ್ಕಳಿಗೆ ಸೊಂಟ, ಕುತ್ತಿಗೆ, ತೊಡೆಸಂದಿಯಲ್ಲಿ ಹುಳುಕಡ್ಡಿ ಎದ್ದಿದೆ. ಇದು ಫಂಗಸ್‌ನಿಂದ ಬರುವಂಥದ್ದು, ವಾಸಿಯಾಗುತ್ತದೆ. ಚಿಕಿತ್ಸೆ ಶುರು ಮಾಡಿದರೆ ಸಾಕು, ಶಾಲೆ ಬಿಡಿಸಬೇಡಿ. ಯಾವ ಮಗುವನ್ನೂ ನಾವು ಬೇರೆ ಕೂರಿಸುವುದಿಲ್ಲ.

ನನಗೆ ಚಿಂತೆ ಇರುವುದು ಮುಲಾಮಿನದು. "ಮೆಡಿಕಲ್‌ನಲ್ಲಿ ಕೊಟ್ರು ಮಿಸ್, ಎರಡೇ ದಿನಕ್ಕೆ ತುರಿಕೆ ಹೋಗುತ್ತೆ" ಅಂತ ಮಕ್ಕಳು ಟ್ಯೂಬ್ ತೋರಿಸುತ್ತಾರೆ. ಹೋಗುತ್ತೆ, ನಿಜ. ಅದರಲ್ಲಿರುವ ಸ್ಟೀರಾಯ್ಡ್ ತುರಿಕೆ, ಕೆಂಪು ಎರಡನ್ನೂ ಇಳಿಸುತ್ತದೆ. ಫಂಗಸ್ ಮಾತ್ರ ಸಾಯುವುದಿಲ್ಲ, ಸುಮ್ನೆ ಹರಡುತ್ತಾ ಹೋಗುತ್ತದೆ. ಹಚ್ಚುವುದು ಬಿಟ್ಟರೆ ಇನ್ನೂ ಜಾಸ್ತಿಯಾಗಿ ಏಳುತ್ತದೆ. ಆಗ ಉಂಗುರದ ಆಕಾರವೂ ಇರುವುದಿಲ್ಲ, ಡಾಕ್ಟರಿಗೂ ಗುರುತು ಹಿಡಿಯುವುದು ಕಷ್ಟ. ತೊಡೆಸಂದಿಯ ಚರ್ಮ ತೆಳ್ಳಗಾಗಿ ಬೀಳುವ ಗೆರೆಗಳಂತೂ ಹಾಗೇ ಉಳಿದುಬಿಡುತ್ತವೆ.

ಟ್ಯೂಬಿನ ಮೇಲಿನ ಸಣ್ಣಕ್ಷರ ಓದಿ. ಕ್ಲೊಬೆಟಾಸಾಲ್, ಬೀಟಾಮೆಥಾಸೋನ್, ಮೊಮೆಟಾಸೋನ್ ಎಂದಿದ್ದರೆ ಅದು ಸ್ಟೀರಾಯ್ಡ್. ಇಂಥ ಹಲವನ್ನು ಡಾಕ್ಟರ ಚೀಟಿ ಇಲ್ಲದೆ ಮಾರಬಾರದು ಅಂತ 2018ರಲ್ಲೇ ನಿಯಮ ಬಂದಿದೆ. ಆದರೂ ಸಿಗುತ್ತದೆ, ನಿಮಗೂ ಗೊತ್ತು! ಕ್ಲೊಟ್ರಿಮಜೋಲ್, ಟರ್ಬಿನಾಫಿನ್, ಲುಲಿಕೊನಜೋಲ್ ಇವು ಫಂಗಸ್ ಔಷಧಿ. ಇವುಗಳ ಜೊತೆಗೇ ಸ್ಟೀರಾಯ್ಡ್ ಬೆರೆಸಿದ ಟ್ಯೂಬುಗಳೂ ಇವೆ, ಹಾಗಾಗಿ ಪೂರ್ತಿ ಓದಿ. ಹಚ್ಚುವಾಗ ಕಲೆಯ ಸುತ್ತ 2 ಸೆಂಟಿಮೀಟರ್‌ನಷ್ಟು ಆಚೆಗೂ ಹಚ್ಚಿ. ಕಲೆ ಹೋಯಿತು ಅಂತ ಅಲ್ಲಿಗೇ ನಿಲ್ಲಿಸಬೇಡಿ, ಡಾಕ್ಟರು ಹೇಳಿದಷ್ಟು ದಿನ ಹಚ್ಚಲೇಬೇಕು.

ತಲೆಯಲ್ಲೂ ಹುಳುಕಡ್ಡಿ ಎದ್ದು, ಕೂದಲು ಉದುರಿ ಕಾಸಿನಗಲ ಬೋಳಾಗಿದ್ದರೆ ಮುಲಾಮು ಸಾಲದು. ಅದು ಕೂದಲ ಬುಡಕ್ಕೆ ಇಳಿಯುವುದಿಲ್ಲ. ಗ್ರಿಸಿಯೊಫಲ್ವಿನ್‌ನಂಥ ಮಾತ್ರೆ ವಾರಗಟ್ಟಲೆ ಬೇಕಾಗುತ್ತದೆ. ಇದನ್ನು ಊಟದ ಜೊತೆ, ಸ್ವಲ್ಪ ತುಪ್ಪವೋ ಹಾಲೋ ಇದ್ದಾಗ ಕೊಟ್ಟರೆ ಮೈಗೆ ಚೆನ್ನಾಗಿ ಹತ್ತುತ್ತದೆ. ಅಪ್ಪನಿಗೆ ಬರೆದ ಮಾತ್ರೆಯನ್ನು ಅರ್ಧ ಮುರಿದು ಮಗುವಿಗೆ ಕೊಡುವುದು ಖಂಡಿತ ಬೇಡ. ಡೋಸು ಮಗುವಿನ ತೂಕ ನೋಡಿ ಬರೆಯುವಂಥದ್ದು, ಕೆಲವು ಮಾತ್ರೆ ಲಿವರ್‌ಗೂ ತೊಂದರೆ ಕೊಡಬಹುದು.

ಇನ್ನೊಂದು ಮಾತು, ಬೇಸರ ಮಾಡ್ಕೋಬೇಡಿ. ಉಡುದಾರ ಸ್ನಾನವಾದ ಮೇಲೂ ಒದ್ದೆಯಾಗೇ ಇರುತ್ತದೆ, ಅಲ್ವಾ? ವಾಸಿಯಾಗುವವರೆಗೆ ತೆಗೆದಿಡಿ. ಟವೆಲ್ ಬೇರೆ ಮಾಡಿ. ಮನೆಯಲ್ಲಿ ಬೇರೆಯವರಿಗೂ ಇದ್ದರೆ ಒಟ್ಟಿಗೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ತೋರಿಸಿ. ಇಷ್ಟು ದಿನ ಹಚ್ಚಿದ ಟ್ಯೂಬನ್ನೂ ಜೊತೆಗೆ ತೆಗೆದುಕೊಂಡು ಹೋಗಿ.

ಇಂತಿ ನಿಮ್ಮ,
ಮುಖ್ಯ ಶಿಕ್ಷಕಿ